ಪಾಷಾ ಸಾಹೇಬರ ಅಂಗೈ

2025ರ ಫೆಬ್ರವರಿ 9, ಭಾನುವಾರ, ಮಧ್ಯಾಹ್ನ 12 ಗಂಟೆ 20 ನಿಮಿಷ. ಶಿವಾಜಿನಗರದ ಪಾಷಾ ಹೋಟೆಲಿನ ಪಕ್ಕದ ಗೋಡೆಯಿಂದ ಬಿಳಿ ಬಟ್ಟೆ ಸರಿಯಿತು. ಹಿಂದಿನ ವರ್ಷ ತೀರಿಕೊಂಡ ಮಾಲೀಕ ಅಹ್ಮದ್ ಪಾಷಾ ಗೋಡೆಚಿತ್ರದಲ್ಲಿ ಗಲ್ಲಿಯ ಕಡೆಗೆ ಕೈ ಚಾಚಿ ನಗುತ್ತಿದ್ದರು. ಕೆಳಗೆ ‘ಮಹಾದಾನಿ’ ಎಂಬ ಬರಹ. ಅದಕ್ಕಿಂತ ದಪ್ಪ ಅಕ್ಷರಗಳಲ್ಲಿ, ಚಿತ್ರ ಬರೆಸಿದ ಬಡಾವಣೆ ಸೌಂದರ್ಯ ಸಂಘದ ಹನ್ನೊಂದು ಪದಾಧಿಕಾರಿಗಳ ಹೆಸರು.

ಪಾಷಾರ ಹೆಂಡತಿ ಜಹನಾರಾ ನೋಡಿದ್ದು ಅಂಗೈಯನ್ನು. ಮೊದಲು ಅಲ್ಲಿ ಅಡುಗೆಮನೆಯ ಕಿಟಕಿಯಿತ್ತು. ಇಪ್ಪತ್ತಾರು ವರ್ಷ, ಮಧ್ಯಾಹ್ನ ಒಂದಕ್ಕೆ, ಅದರಿಂದ ಕೇಳಿದವರಿಗೆಲ್ಲ ಊಟ ಹೋಗುತ್ತಿತ್ತು. ಪಡೆಯುವವರ ಮುಖ ಒಳಗಿನವರಿಗೆ ಕಾಣಬಾರದೆಂದು ಪಾಷಾ ಅದನ್ನು ಸೊಂಟದ ಎತ್ತರಕ್ಕೆ ಇಡಿಸಿದ್ದರು. ಗಂಡ ಹೋದ ಮೇಲೂ ಜಹನಾರಾ ಅದನ್ನು ನಡೆಸಿಕೊಂಡು ಬಂದಿದ್ದರು. ಚಿತ್ರಕ್ಕೆ ಒಪ್ಪಿ, ಹೋಟೆಲಿಗೆ ಬೀಗ ಹಾಕಿ, ಐದು ದಿನ ಕೋಲಾರದ ಮದುವೆಗೆ ಹೋಗಿದ್ದವರು ಆಗಷ್ಟೇ ಬಸ್ಸಿಳಿದು ಬಂದಿದ್ದರು.

“ಕಿಟಕಿ ಯಾಕ್ರೀ ಮುಚ್ಚಿದ್ರಿ?”

“ಅದು ಕಿಟಕಿನಾ ಮೇಡಂ? ಎಕ್ಸಾಸ್ಟ್ ಫ್ಯಾನ್ ತೂತು ಅಂದ್ಕೊಂಡ್ವಿ,” ಎಂದ ಕಾರ್ಯದರ್ಶಿ ಶ್ರೀನಿವಾಸ್. “ಕರೆಕ್ಟಾಗಿ ಅಂಗೈ ಮಧ್ಯ ಬರ್ತಿತ್ತು. ಇಟ್ಟಿಗೆ ಹಾಕಿಸ್ಬಿಟ್ವಿ.”

ಹದಿನೈದು ವರ್ಷ ಇಲ್ಲಿ ಬಿರಿಯಾನಿ ತಿಂದವನು. ಪಾಷಾರ ದಾನವನ್ನು ಮೈಕಿನಲ್ಲಿ ಹನ್ನೆರಡು ನಿಮಿಷ ಹೊಗಳಿದ್ದ. ಆ ದಾನ ಎಲ್ಲಿಂದ ನಡೆಯುತ್ತಿತ್ತೆಂದು ವಿಚಾರಿಸಲು ಪುರುಸೊತ್ತು ಸಿಕ್ಕಿರಲಿಲ್ಲ.

ಒಂದಕ್ಕೆ ಸರಿಯಾಗಿ ಯಾದಗಿರಿ ಕಡೆಯ ಅಯ್ಯಮ್ಮ ಡಬ್ಬಿ ಹಿಡಿದು ಬಂದಳು. ಜೊತೆಗೆ ಗಾರೆ ಕೆಲಸದ ಗಂಡ ಬಸು.

“ಸಾಹೇಬ್ರ ಕೈ ಛಂದ ಬರದಾರ್ರಿ. ಕಿಡಕಿ ಎಲ್ಲೈತಿ?”

“ಇಲ್ಲೇ ಮುಂದೆ ಬಾಮ್ಮ,” ಎಂದ ಶ್ರೀನಿವಾಸ್. “ಸ್ಟೇಜ್ ಮೇಲೆ ಕೊಡ್ತೀವಿ. ಫೋಟೋನೂ ಆಗುತ್ತೆ.”

ಅಯ್ಯಮ್ಮ ಡಬ್ಬಿಯನ್ನು ಸೆರಗಿನೊಳಗೆ ಸರಿಸಿಕೊಂಡು ಹಿಂದಕ್ಕೆ ತಿರುಗಿದಳು.

“ನಿಲ್ಲಮ್ಮ,” ಎಂದರು ಜಹನಾರಾ. “ಬಸು, ಸುತ್ತಿಗೆ ಇದೆಯಾ?”

“ಉಳಿನೂ ಐತ್ರಿ.”

“ಮೇಡಂ, ಆರ್ಟ್ ಹಾಳಾಗುತ್ತೆ.”

“ನಿಮ್ಮ ಹೆಸರುಗಳನ್ನ ಮುಟ್ಟಲ್ಲ ರೀ. ಹೆದರ್ಬೇಡಿ.”

ಗಾರೆ ಇನ್ನೂ ಹಸಿಯಾಗಿತ್ತು. ಇಟ್ಟಿಗೆಗಳು ಬೇಗ ಕಿತ್ತುಬಂದವು. ಸಂಘದ ಅತಿಥಿಗಳಿಗೆಂದು ಬಂದಿದ್ದ, ಬಿರಿಯಾನಿ ತುಂಬಿದ ದೊಡ್ಡ ಡೇಕ್ಸವನ್ನು ಜಹನಾರಾ ಅಡುಗೆಮನೆಗೆ ಹೊರಿಸಿದರು. 1 ಗಂಟೆ 50 ನಿಮಿಷಕ್ಕೆ ಅಯ್ಯಮ್ಮನ ಡಬ್ಬಿ ಒಳಗೆ ಹೋಗಿ, ತುಂಬಿಕೊಂಡು ಹೊರಗೆ ಬಂತು.

ಚಿತ್ರ ಈಗಲೂ ಇದೆ. ಅಂಗೈಯಲ್ಲಿರುವ ತೂತಿನ ಅಗಲ 61 ಸೆಂಟಿಮೀಟರ್, ಎತ್ತರ 46 ಸೆಂಟಿಮೀಟರ್.