ನಾಲ್ಕು ಮನೆಗೊಂದು ಹೊಸ್ತಿಲು

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಣದಲ್ಲಿ ಎತ್ತುಗಳು ಕಲ್ಲುಗುಂಡು ಎಳೆಯುತ್ತ ರಾಗಿ ತೆನೆಯ ಮೇಲೆ ಸುತ್ತು ಹಾಕುತ್ತಿದ್ದವು. ಗಾಳಿ ಬಂದಾಗ ಹೆಂಗಸರು ಮೊರ ಎತ್ತಿ ತೂರುತ್ತಿದ್ದರು, ಗಾಳಿ ನಿಂತಾಗ ಮೊರ ಇಳಿಸಿ ಮಾತಿಗೆ ಕೂರುತ್ತಿದ್ದರು. ಆ ಕಣದ ಬದಿಯಲ್ಲಿ, ಹೊಟ್ಟು ಹಾರಿ ಬಂದು ಮೈಮೇಲೆ ಕೂರುವಷ್ಟು ಹತ್ತಿರದಲ್ಲಿ, ಕಾಳಾಚಾರಿ ಬೇವಿನ ತೊಲೆಯೊಂದನ್ನು ಬಾಚಿಯಿಂದ ಕೆತ್ತುತ್ತಿದ್ದ. ಆ ತೊಲೆಯೇ ನಾನು. ನಾನು ಒಂದು ಹೊಸ್ತಿಲು.

ಅದಕ್ಕೆ ಮೊದಲು ಮುದ್ದವೀರಪ್ಪನ ಹೊಲದ ಬದುವಿನಲ್ಲಿ ಮರವಾಗಿ ನಿಂತಿದ್ದೆ. ಮುದ್ದವೀರಪ್ಪ ಬೇಸಾಯದ ಜೊತೆಗೆ ಎಮ್ಮೆ ವ್ಯಾಪಾರವನ್ನೂ ಮಾಡುತ್ತಿದ್ದ. ಸಂತೆಯಿಂದ ತಂದ ಎಮ್ಮೆಗಳನ್ನು ನನ್ನ ನೆರಳಿನಲ್ಲಿ ಕಟ್ಟಿ, ಮೇಯಿಸಿ, ಮೈ ತುಂಬಿಸಿ ಮತ್ತೆ ಸಂತೆಗೆ ಹೊಡೆಯುತ್ತಿದ್ದ. ಅಂಥವನು ಒಂದು ವರ್ಷ ಒಳ್ಳೊಳ್ಳೆಯ ಎಮ್ಮೆಗಳನ್ನೆಲ್ಲ ಮಾರಿ, ನನ್ನನ್ನೂ ಕಡಿಸಿ, ಹುಳಿಯಾರಿನ ಸಂತೆ ಮೈದಾನದ ಹಿಂದೆ ನಾಲ್ಕು ಬಾಡಿಗೆ ಮನೆ ಕಟ್ಟಿಸುತ್ತೇನೆಂದು ಹೊರಟಾಗ ಊರವರಿಗೆ ಏನೂ ಅರ್ಥವಾಗಲಿಲ್ಲ.

“ಮಗಳಿಗೆ ಅಂತ ಒಂದು ಹೊಲ ಬಿಟ್ಟುಕೊಟ್ರೆ ಆಗ್ತಿರಲಿಲ್ವಾ ಯಜಮಾನ್ರೇ?” ಎಂದು ಕಾಳಾಚಾರಿ ಬಾಚಿ ನಿಲ್ಲಿಸಿ ಕೇಳಿದ.

“ಹೊಲ ಕಾಲು ಕೇಳ್ತೈತೆ ಕಣೋ. ನಮ್ಮ ಹೊನ್ನಿಗೆ ಇರೋದು ಒಂದೇ ಗಟ್ಟಿ ಕಾಲು. ನಾಲ್ಕು ಬಾಗ್ಲು ಅಂದ್ರೆ ನಾಲ್ಕು ಎಮ್ಮೆ. ಒಂದು ಬತ್ತಿದ್ರೂ ಮೂರು ಕರೀತವೆ. ಕೂತಲ್ಲೇ ಹಾಲು.”

“ಎಮ್ಮೆ ಅಂದ್ಮೇಲೆ ಸಗಣಿನೂ ಹಾಕ್ತೈತೆ.”

“ಬಾಚ್ಕೋಬೇಕಪ್ಪ. ಹಾಲು ಬೇಕು ಸಗಣಿ ಬ್ಯಾಡ ಅಂದ್ರೆ ಆಯ್ತದಾ?”

ಹೊನ್ನಮ್ಮನಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಾಲು ಸೊರಗಿಹೋಗಿತ್ತು. ಮದುವೆಯ ಮಾತು ಬರಲಿಲ್ಲ. ಅಣ್ಣನ ಕೈ ಕಾಯುತ್ತ ಅವಳು ಬದುಕಬಾರದು ಎಂಬುದೊಂದೇ ಮುದ್ದವೀರಪ್ಪನ ಹಟ.

ವಠಾರ ಎದ್ದಿತು. ಬೀದಿಗೆ ಒಂದು ದೊಡ್ಡ ಬಾಗಿಲು, ಒಳಗೆ ಅಂಗಳ, ಅಂಗಳದ ಮೂಲೆಯಲ್ಲಿ ಬಾವಿ, ಸುತ್ತ ನಾಲ್ಕು ಹೆಂಚಿನ ಮನೆ. ಬೀದಿ ಬಾಗಿಲ ಪಕ್ಕದಲ್ಲೇ ಹೊನ್ನಮ್ಮನಿಗೊಂದು ಕೋಣೆ. ನಾನು ಆ ಬೀದಿ ಬಾಗಿಲಿಗೆ ಕೂತೆ. ಕೂರಿಸುವಾಗ ನನ್ನ ಅಡಿಗೆ ನವಧಾನ್ಯ ಹಾಕಿದ ಮುದ್ದವೀರಪ್ಪ ಮಗಳನ್ನು ಕರೆದು ಹೇಳಿದ: “ಎಮ್ಮೆ ಮಾರಿದ್ರೂ ಹಗ್ಗ ಮಾರಬಾರದು. ಬಿಚ್ಕೊಂಡು ಮನೆಗೆ ತರಬೇಕು. ಹಗ್ಗ ಕೊಟ್ರೆ ಕೊಟ್ಟಿಗೆ ಭಾಗ್ಯನೂ ಅದರ ಹಿಂದೇನೇ ಹೋಯ್ತೈತೆ. ಈ ವಠಾರಕ್ಕೆ ಹೊಸ್ತಿಲೇ ಹಗ್ಗ. ಎಂದಾದ್ರೂ ಮಾರೋ ಕಾಲ ಬಂದ್ರೆ ಇದನ್ನ ಕಿತ್ಕೊಂಡು ಬರ್ರಿ.”

ಹೊನ್ನಮ್ಮ ಮೊದಲ ಸಲ ದಾಟಲು ಬಂದಾಗ ಅವಳ ಎಡಗಾಲು ನನಗೆ ತಗುಲಿ ಮುಗ್ಗರಿಸಿದಳು. ಮುದ್ದವೀರಪ್ಪ ಕಾಳಾಚಾರಿಯನ್ನು ಕರೆಸಿ ನನ್ನ ನಡುವನ್ನು ತಗ್ಗು ಮಾಡಿಸಿದ.

“ಹೊಸ್ತಿಲು ತಗ್ಗಿಸಿದ್ರೆ ಲಕ್ಷ್ಮಿ ಹರಿದು ಹೋಗ್ತಾಳೆ ಯಜಮಾನ್ರೇ,” ಎಂದ ಆಚಾರಿ.

“ನನ್ನ ಮಗಳು ನೆಟ್ಟಗೆ ಒಳಗೆ ಬಂದ್ರೆ ಸಾಕು. ಲಕ್ಷ್ಮಿ ದಾಟ್ಕೊಂಡು ಬರ್ಲಿ. ಅವಳಿಗೆ ಕಾಲು ಸರಿಯಾಗೇ ಅವೆಯಲ್ಲ!”

ಮರವಾಗಿದ್ದಾಗ ಮೇಲಿನಿಂದ ಎಲ್ಲರ ತಲೆ ನೋಡುತ್ತಿದ್ದ ನಾನು ಅಂದಿನಿಂದ ಪಾದ ನೋಡುವುದು ಕಲಿತೆ. ಬಾಡಿಗೆಗೆ ಬರುವವರ ಪಾದ ಬರುವಾಗ ಒಂದು ಥರ, ಬಿಟ್ಟು ಹೋಗುವಾಗ ಇನ್ನೊಂದು ಥರ. ಬಸ್ಸಿನ ಡ್ರೈವರು ಬಂದ, ಮೇಷ್ಟರು ಬಂದರು, ಟೈಲರು ಬಂದ. ಕೆಲವರು ಹೋದರು, ಕೆಲವರು ಉಳಿದರು. ಯಾವಾಗಲೋ ಒಂದು ಮನೆ ಖಾಲಿ ಇದ್ದರೂ ಮೂರರಲ್ಲಿ ಒಲೆ ಉರಿಯುತ್ತಿತ್ತು. ಮುದ್ದವೀರಪ್ಪ ತೀರಿಕೊಂಡ ಮೇಲೂ ಅವನ ಮಾತು ಸುಳ್ಳಾಗಲಿಲ್ಲ. ಹೊನ್ನಮ್ಮ ಬೆಳಿಗ್ಗೆ, ಸಂಜೆ ಎಡಗಾಲನ್ನು ಆ ತಗ್ಗಿನಲ್ಲಿ ಎಳೆದುಕೊಂಡು ದಾಟುತ್ತಿದ್ದಳು. ಆ ಎಳೆತಕ್ಕೆ ನನ್ನ ನಡು ನುಣುಪಾಗಿ, ಕನ್ನಡಿಯಂತೆ ಆಯಿತು. ಆ ಪಾದ ನನ್ನನ್ನು ಸವೆಸುತ್ತಿದೆ ಎಂದು ನನಗೆ ಯಾವತ್ತೂ ಅನ್ನಿಸಲಿಲ್ಲ.

ಮೂರನೇ ಮನೆಗೆ ಸಣ್ಣೀರಮ್ಮ ಬಂದಾಗ ಅವಳ ಕಾಲುಂಗುರ ಹೊಸದು. ಗಂಡ ಕೊಬ್ಬರಿ ಮಂಡಿಯಲ್ಲಿ ಹಮಾಲಿ. ಇವಳು ಮುತ್ತುಗದ ಎಲೆ ತಂದು, ಕಡ್ಡಿ ಚುಚ್ಚಿ, ಊಟದೆಲೆ ಹಚ್ಚಿ ಮಾರುತ್ತಿದ್ದಳು. ಹೊನ್ನಮ್ಮನಿಗೆ ಬಗ್ಗಿ ಹೊಸ್ತಿಲು ತೊಳೆಯಲು ಆಗುತ್ತಿರಲಿಲ್ಲ. ಅದನ್ನು ನೋಡಿದ ಸಣ್ಣೀರಮ್ಮ ಬಂದ ವಾರದಲ್ಲೇ ಯಾರೂ ಹೇಳದೆ ಚೊಂಬಿನಲ್ಲಿ ನೀರು ತಂದು ನನ್ನನ್ನು ತೊಳೆದಳು, ಅರಿಶಿನ ಹಚ್ಚಿದಳು, ಎರಡು ತುದಿಗೂ ಕುಂಕುಮ ಇಟ್ಟಳು. ಮಾರನೆಯ ದಿನವೂ ಬಂದಳು. ಮಳೆಯಿರಲಿ, ಜ್ವರವಿರಲಿ, ಬಿಡಲಿಲ್ಲ. ತಾನು ಹೊರಗಿರಬೇಕಾದ ದಿನಗಳಲ್ಲಿ ಟೈಲರನ ಹೆಂಡತಿಗೆ ಹೇಳಿ ಮಾಡಿಸುತ್ತಿದ್ದಳು.

ಗಂಡ ಮೂಟೆಯಡಿ ಬೆನ್ನು ಮುರಿದುಕೊಂಡು ಕೊನೆಗೆ ತೀರಿಹೋದಾಗ, ಊರಿಗೆ ಹೋಗಿಬಿಡುತ್ತೇನೆಂದು ಅವಳು ಗಂಟು ಕಟ್ಟಿದಳು. ಹೊನ್ನಮ್ಮ ನನ್ನ ಪಕ್ಕದ ಗೋಡೆಗೆ ಒರಗಿ ನಿಂತು ದಾರಿ ಕಟ್ಟಿದಳು.

“ಯಾವೂರು? ಯಾರವ್ರೆ ಅಲ್ಲಿ ನಿನಗೆ? ಗಂಟು ಬಿಚ್ಚು.”

“ಬಾಡಿಗೆ ಹೆಂಗೆ ಕೊಡ್ಲಿ ಹೊನ್ನಕ್ಕ?”

“ಎಲೆ ಹಚ್ಚಿ ಆದಷ್ಟು ಕೊಡು. ನೋಡು ಸಣ್ಣೀರಿ, ಈ ಹೊಸ್ತಿಲನ್ನ ನೀನು ತೊಳೆಯೋ ತನಕ ಮೂರನೇ ಮನೆ ನಿಂದೇ. ಕೇಳಿಸ್ಕೊಂಡ್ಯೇನೋ ಬಸಲಿಂಗ?”

ಬಸವಲಿಂಗ ಹೊನ್ನಮ್ಮನ ಅಣ್ಣನ ಮಗ. ಅತ್ತೆಗೆ ರಾಗಿ ಮೂಟೆ ಇಳಿಸಲು ಬಂದಿದ್ದವನು ಅಲ್ಲೇ ಬೆವರೊರೆಸಿಕೊಳ್ಳುತ್ತ ನಿಂತಿದ್ದ. “ಹೂಂ ಅತ್ತೆ, ಕೇಳಿಸ್ತು,” ಎಂದ.

ಅದಾಗಿ ಬಹಳ ವರ್ಷ ಹೊನ್ನಮ್ಮ ಬದುಕಿದ್ದಳು. ಕೊನೆಯ ದಿನಗಳಲ್ಲಿ ಅವಳನ್ನು ಸಣ್ಣೀರಮ್ಮನೇ ತೋಳು ಹಿಡಿದು ದಾಟಿಸುತ್ತಿದ್ದಳು. ಒಂದು ಶ್ರಾವಣದಲ್ಲಿ ಅವಳನ್ನು ನಾಲ್ಕು ಜನ ಹೊತ್ತುಕೊಂಡು ದಾಟಿದರು. ಆ ದಿನ ಅವಳ ಪಾದ ನನ್ನನ್ನು ಮುಟ್ಟಲಿಲ್ಲ. ಇವತ್ತಿಗೂ ನನಗೆ ಬೇಕೆನ್ನಿಸುವುದು ಆ ಒಂದು ಎಳೆತ.

ವಠಾರ ಬಸವಲಿಂಗನಿಗೆ ಬಂತು. ಅವನು ಕೆಟ್ಟವನಲ್ಲ, ಹಳ್ಳಿಯಲ್ಲಿ ಬೇಸಾಯ, ಒಂದು ಟ್ರಾಕ್ಟರು. ವಠಾರ ಮಾರಿ ಟ್ರಾಕ್ಟರಿಗೆ ರಾಗಿ ಬಡಿಯುವ ಯಂತ್ರವೊಂದನ್ನು ಕೊಂಡರೆ ಒಂದು ಸುಗ್ಗಿಯಲ್ಲಿ ದುಡಿಯುವುದನ್ನು ಈ ನಾಲ್ಕು ಮನೆಗಳು ಎಷ್ಟೋ ವರ್ಷಕ್ಕೆ ದುಡಿಯುತ್ತವೆ ಎಂಬ ಲೆಕ್ಕ ಅವನ ತಲೆ ಹೊಕ್ಕಿತು. ಅಷ್ಟು ಹೊತ್ತಿಗೆ ನಾಲ್ಕನೇ ಮನೆಯ ಸೂರು ಸೋರಿ ಬಾಡಿಗೆಯವರು ಬಿಟ್ಟು ಹೋಗಿದ್ದರು. ಬೀಗ ತುಕ್ಕು ಹಿಡಿದಿತ್ತು.

ಷಡಕ್ಷರಿ ಎಂಬ ದಲ್ಲಾಳಿ ಬಂದ. ಬೂಟುಗಾಲನ್ನು ನನ್ನ ಮೇಲಿಟ್ಟುಕೊಂಡೇ ಫೋನಿನಲ್ಲಿ ಮಾತಾಡುವವನು. “ಒಂದೇ ಕಾಂಪೌಂಡಲ್ಲಿ ನಾಲ್ಕು ಮನೆ ಸಾರ್. ಒಂದು ಖಾಲಿ ಆದ್ರೂ ಮೂರರ ಬಾಡಿಗೆ ನಿಲ್ಲಲ್ಲ. ಸೈಟ್ ತಗೊಂಡ್ರೆ ಹುಲ್ಲು ಬೆಳೀತದೆ, ಇದು ತಗೊಂಡ್ರೆ ದುಡ್ಡು ಬೆಳೀತದೆ!” ಮುದ್ದವೀರಪ್ಪನ ಮಾತೇ. ಎಮ್ಮೆ ಮಾತ್ರ ಇರಲಿಲ್ಲ, ಮಗಳೂ ಇರಲಿಲ್ಲ.

ನೋಡಲು ಬಂದವರೆಲ್ಲ ನಾಲ್ಕನೇ ಮನೆಯ ತುಕ್ಕು ಬೀಗ ನೋಡಿ, “ಇಲ್ಲಿಗೆ ಯಾರೂ ಬರಲ್ವೇನ್ರೀ?” ಎನ್ನುತ್ತ ಹಿಂದಿರುಗುತ್ತಿದ್ದರು. ಷಡಕ್ಷರಿ ಸಣ್ಣೀರಮ್ಮನನ್ನು ಕರೆದ.

“ಅಕ್ಕ, ಶುಕ್ರವಾರ ಒಬ್ರು ಮೇಡಂ ಬರ್ತಾರೆ. ಬೀಗ ತೆಗೆಸ್ತೀನಿ. ಒಂದು ಗಂಟೆ ಮಟ್ಟಿಗೆ ಅಲ್ಲಿ ಒಲೆ ಹಚ್ಚು, ನಿನ್ನದೊಂದೆರಡು ಸೀರೆ ಹರವು. ಮನೆಯವರು ಎಲ್ಲಿ ಅಂದ್ರೆ ಕೆಲಸಕ್ಕೆ ಹೋಗವ್ರೆ ಅನ್ನು.”

“ಇಲ್ಲದ ಸಂಸಾರ ಐತೆ ಅಂತ ತೋರಿಸೋದೇನಪ್ಪ?”

“ಸಂತೆಗೆ ಹೊಡಿಯೋ ಎಮ್ಮೇನ ಅವತ್ತು ಬೆಳಿಗ್ಗೆ ಯಾರಾದ್ರೂ ಕರೀತಾರಾ? ಕೆಚ್ಚಲು ತುಂಬಿಸ್ಕೊಂಡೇ ಹೊಡೀತಾರೆ. ಇದು ಮಾರಾಟ ಆಗ್ಲಿ, ಮೂರನೇ ಮನೆ ನಿನಗೇ ಅಂತ ಆ ಮೇಡಂ ಬಾಯಲ್ಲೇ ಹೇಳಿಸ್ತೀನಿ.”

ಸಣ್ಣೀರಮ್ಮ ಬಸವಲಿಂಗನ ಕಡೆ ನೋಡಿದಳು. “ಮಾಡಕ್ಕ. ನಿನಗೇ ಒಳ್ಳೇದು,” ಎಂದ ಅವನು. ಆ ಮನೆ ಬಿಟ್ಟರೆ ಅವಳಿಗೆ ಬೇರೆ ನೆಲೆಯಿರಲಿಲ್ಲ. ಒಪ್ಪಿಕೊಂಡಳು.

ನಾಲ್ಕನೇ ಮನೆಯ ಬಾಗಿಲು ಅಂಗಳದಾಚೆ ನನಗೆ ನೇರ ಎದುರು. ಶುಕ್ರವಾರ ಬೆಳಿಗ್ಗೆ ಅವಳು ನನ್ನನ್ನು ತೊಳೆದು, ಅಲ್ಲಿಗೆ ಹೋಗಿ ಧೂಳು ಗುಡಿಸಿ, ರಂಗೋಲಿ ಬಿಟ್ಟಳು. ತಂತಿಯ ಮೇಲೆ ಸೀರೆ ಹರವಿದಳು. ಕೊಡದಲ್ಲಿ ನೀರು, ಒಂದು ಚೊಂಬು ಮಜ್ಜಿಗೆ, ಎರಡು ಪಾತ್ರೆ ಒಯ್ದಿಟ್ಟಳು. ಒಲೆ ಹಚ್ಚಿದಳು. ಮತ್ತೆ ತನ್ನ ಮನೆಗೆ ಹೋಗಿ ಉಪ್ಪಿನ ಭರಣಿ ಎತ್ತಿಕೊಂಡು ಬಾಗಿಲವರೆಗೆ ಬಂದಳು. ಅಲ್ಲೇ ನಿಂತಳು. ಶುಕ್ರವಾರ ಮನೆಯ ಉಪ್ಪನ್ನು ಹೊರಗೆ ಕಳಿಸಿದವರುಂಟೆ? ಭರಣಿಯನ್ನು ಒಳಗಿಟ್ಟು ಬಂದಳು.

ಗಿರಿಜಾಂಬ ತುಮಕೂರಿನ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ಹಿಂದೆಮುಂದೆ ಯಾರೂ ಇಲ್ಲ. ಚಪ್ಪಲಿ ಬೀದಿಯಲ್ಲೇ ಬಿಟ್ಟು, ನನ್ನನ್ನು ಬೆರಳಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು, ಬಲಗಾಲಿಟ್ಟು ಒಳಗೆ ಬಂದಳು. “ಇದೇಕೆ ಹೊಸ್ತಿಲು ನಡುವೆ ತಗ್ಗು?” ಎಂದು ಕೇಳಿದಳು. ಬಸವಲಿಂಗ ಅತ್ತೆಯ ಕಾಲಿನ ಕಥೆ ಹೇಳಿದ. ಅವಳು ಬಗ್ಗಿ ಆ ತಗ್ಗಿನ ಮೇಲೆ ಕೈಯಾಡಿಸಿದಳು.

“ಹೆಣ್ಣುಮಗಳ ಹೊಟ್ಟೆಗೆ ಅಂತ ಕಟ್ಟಿದ ಮನೆ. ನಾನೂ ಅದಕ್ಕೇ ಹುಡುಕ್ತಿರೋದು. ಕೂತಲ್ಲಿ ನಾಲ್ಕು ಕಾಸು ಬಂದ್ರೆ ಯಾರ ಮುಂದೂ ಕೈಯೊಡ್ಡಬೇಕಾಗಿಲ್ಲ.”

ನನಗೆ ಹೊನ್ನಮ್ಮನೇ ಇನ್ನೊಂದು ಕಾಲಲ್ಲಿ ಬಂದಳೇನೋ ಅನ್ನಿಸಿತು.

ಮೊದಲ ಮೂರು ಮನೆ ನೋಡಿ, ನಾಲ್ಕನೆಯದಕ್ಕೆ ಹೋಗಿ ಚಾಪೆಯ ಮೇಲೆ ಕೂತಳು. ಸಣ್ಣೀರಮ್ಮ ಮಜ್ಜಿಗೆ ಕೊಟ್ಟಳು.

“ಒಂದು ಚಿಟಿಕೆ ಉಪ್ಪು ಹಾಕಮ್ಮ. ಬಿಸಿಲಲ್ಲಿ ಬಂದಿದೀನಿ.”

ಸಣ್ಣೀರಮ್ಮನ ಕೈ ಒಲೆಯ ಪಕ್ಕದ ಗೂಡಿಗೆ ಹೋಯಿತು. ಗೂಡು ಬರಿದು. ಕೈ ಅಲ್ಲೇ ನಿಂತಿತು.

“ಒಲೆ ಉರಿಯೋ ಮನೇಲಿ ಉಪ್ಪಿಲ್ವಾ?”

“ಶುಕ್ರವಾರ ಅಲ್ವೇನಮ್ಮ, ನಮ್ಮನೇದು ಆಚೆಗೆ ತರೋ ಹಂಗಿಲ್ಲ.”

ಅಂದ ಮೇಲೆ ಅವಳಿಗೆ ತಾನು ಏನಂದೆ ಎಂದು ತಿಳಿಯಿತು. ಗಿರಿಜಾಂಬ ಲೋಟ ಕೆಳಗಿಟ್ಟಳು. “ನಿಮ್ಮನೆ ಅಂದ್ರೆ ಯಾವುದು?” ಸಣ್ಣೀರಮ್ಮ ಪಕ್ಕದ ಗೋಡೆಯ ಕಡೆ ಕೈ ತೋರಿಸಿದಳು.

ಗಿರಿಜಾಂಬ ಕೂಗಾಡಲಿಲ್ಲ. ನನ್ನವರೆಗೆ ನಡೆದು ಬಂದು ನಿಂತು, ಶಾಂತವಾಗಿ ಹೇಳಿದಳು: “ಜಾಗ ನನಗೆ ಹಿಡಿಸಿದೆ. ಖಾಲಿ ಇರೋ ಮನೆ ಖಾಲಿ ಅಂತಲೇ ಬೆಲೆ ಕಟ್ಟೋಣ. ಕರಾರು ಪತ್ರ ಇರೋ ಮೊದಲೆರಡು ಮನೆಯವರು ಇರಲಿ. ಮೂರನೆಯದು ಬಿಡಿಸಿಕೊಡಿ. ಉಪ್ಪಿಲ್ಲದ ಮನೇಲಿ ಒಲೆ ಹಚ್ಚೋರನ್ನ ಒಳಗಿಟ್ಕೊಂಡು ನಾನು ತುಮಕೂರಲ್ಲಿ ಹೇಗೆ ನಿದ್ದೆ ಮಾಡಲಿ?”

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆದರೆ ‘ಹಚ್ಚು ಅಂದೋರು ನಾವೇ’ ಎಂದು ಒಬ್ಬರು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಸಣ್ಣೀರಮ್ಮ ಬಸವಲಿಂಗನನ್ನು ನೋಡಿದಳು. ಬಸವಲಿಂಗ ನನ್ನನ್ನು ನೋಡಿದ. ಷಡಕ್ಷರಿಗೆ ಅದೇ ಹೊತ್ತಿಗೆ ಫೋನು ಬಂತು.

ಅವಳು ಮನೆ ಬಿಟ್ಟ ದಿನವೂ ನನ್ನನ್ನು ತೊಳೆದೇ ಹೋದಳು. ಒಂದು ಗಂಟು, ಎಲೆಯ ಕಟ್ಟು, ಕೊನೆಗೆ ಸೆರಗಿನಡಿ ಉಪ್ಪಿನ ಭರಣಿ.

ಕ್ರಯದ ಕಾಗದ ಆಗುವ ಮುಂಚಿನ ದಿನ ಬಸವಲಿಂಗ ಹಾರೆ ತಂದ. “ಮೇಡಂ, ನಮ್ಮಲ್ಲಿ ಎಮ್ಮೆ ಮಾರಿದ್ರೂ ಹಗ್ಗ ಕೊಡಲ್ಲ. ಈ ಹೊಸ್ತಿಲು...”

“ತಗೊಂಡ್ಹೋಗಿ. ಹೇಗೂ ಗೇಟ್ ಇಡಿಸ್ಬೇಕು. ಬಾಡಿಗೆಯವರ ಸ್ಕೂಟರ್ ಒಳಗೆ ಬರಬೇಕಲ್ಲ.”

ಕಿತ್ತಾಗ ನನ್ನ ಅಡಿಯ ನವಧಾನ್ಯ ಮಣ್ಣಾಗಿತ್ತು. ಫೋನಿನಲ್ಲಿ ಹೊಸ ಯಂತ್ರದ ಮಾತಾಡುತ್ತ ಅವನು ನನ್ನನ್ನು ಟ್ರಾಕ್ಟರಿಗೆ ಹೇರಿದ. ಊರಿಗೆ ಒಯ್ಯುತ್ತಾನೆಂದುಕೊಂಡೆ. ಬೇವಿನ ಬದು, ರಾಗಿ ಕಣ ಮತ್ತೊಮ್ಮೆ ಕಾಣುವ ಆಸೆಯಾಯಿತು. ಆದರೆ ಟ್ರಾಕ್ಟರು ಕೊಬ್ಬರಿ ಮಂಡಿಯ ಹಿಂದಿನ ಓಣಿಗೆ ತಿರುಗಿ, ಶೀಟಿನ ಒಂದು ಕೋಣೆಯ ಮುಂದೆ ನಿಂತಿತು. ಸಣ್ಣೀರಮ್ಮ ಎಲೆ ಹಚ್ಚುತ್ತಿದ್ದವಳು ತಲೆಯೆತ್ತಿದಳು.

“ಸಣ್ಣೀರಕ್ಕ, ಅತ್ತೆ ಆಡಿದ ಮಾತು ನನ್ನ ಕೈಲಿ ಉಳೀಲಿಲ್ಲ. ಎಮ್ಮೆ ಹೋಯ್ತು. ಹಗ್ಗ ನಿನಗಿರಲಿ.”

“ಎಮ್ಮೆ ಇಲ್ಲದ ಹಗ್ಗದಲ್ಲಿ ಏನು ಕಟ್ಲಪ್ಪ ನಾನು?”

ಅವನು ನನ್ನನ್ನು ಇಳಿಸಿದ.

“ಅವತ್ತು ಒಂದು ಮಾತು ಆಡಬೇಕಾಗಿತ್ತು ಬಸಣ್ಣ.”

“ಹೂಂ,” ಎಂದ. ಟ್ರಾಕ್ಟರು ಹತ್ತಿದ. ಸಾಲ ಅಷ್ಟಕ್ಕೆ ತೀರಿತೆಂದುಕೊಂಡು ಹೋದನೋ ಏನೋ.

ಈ ಕೋಣೆಯ ಬಾಗಿಲು ಕಿರಿದು. ನೆಲಕ್ಕೆ ಸಿಮೆಂಟು ಬಳಿದು ಹಾಗೇ ಬಿಟ್ಟಿದ್ದಾರೆ. ನಾನು ಇದಕ್ಕೆ ಕೂರುವುದಿಲ್ಲ. ಗೋಡೆಯ ಪಕ್ಕ ಸೂರಿನಡಿ ಉದ್ದಕ್ಕೆ ಮಲಗಿದ್ದೇನೆ. ಯಾರೂ ನನ್ನನ್ನು ದಾಟುವುದಿಲ್ಲ. ಅಕ್ಕಪಕ್ಕದವರು, “ಒಲೆಗಾದ್ರೂ ಹಾಕಬಾರದಾ ಸಣ್ಣೀರಮ್ಮ?” ಎನ್ನುತ್ತಾರೆ. ಅವಳು ಕೇಳಿಸದವಳಂತೆ ಚೊಂಬು ತರುತ್ತಾಳೆ.

ಹೊನ್ನಮ್ಮ ಹೇಳಿದ್ದು, ತೊಳೆಯುವ ತನಕ ಎಂದು. ಇವಳು ಇನ್ನೂ ತೊಳೆಯುತ್ತಿದ್ದಾಳೆ.

ಹೊನ್ನಮ್ಮ ಇದ್ದಾಗ ನನ್ನ ತಗ್ಗಿನಲ್ಲಿ ನೀರು ನಿಲ್ಲುತ್ತಿರಲಿಲ್ಲ. ಅವಳ ಕಾಲು ಒರೆಸಿಕೊಂಡು ಹೋಗುತ್ತಿತ್ತು. ಈಗ ಒಂದು ಬೊಗಸೆ ನಿಲ್ಲುತ್ತದೆ. ಸಣ್ಣೀರಮ್ಮ ಅದನ್ನು ಸೆರಗಿನಿಂದ ಒರೆಸಿ, ಅರಿಶಿನ ಹಚ್ಚಿ, ಎಲೆಯ ಕಟ್ಟು ಬಿಚ್ಚಿಕೊಂಡು ಕೂರುತ್ತಾಳೆ. ನನ್ನ ಮೇಲಲ್ಲ, ಪಕ್ಕದಲ್ಲಿ.