ಒಗ್ಗರಣೆ ಘಾಟು

"ಹೆಗಲಿಗೆ ಕೈ ಕೊಡ್ರಿ, ಹಂಗ ಎತ್ರಿ" ಎಂದು ಚನ್ನವೀರಪ್ಪ ಅಕ್ಕನ ಹೆಣವನ್ನು ಚಾಪೆಯಿಂದ ಮೇಲೆತ್ತುವಷ್ಟರಲ್ಲಿ ಆಕೆಯ ಗಂಡ ಕರಬಸಪ್ಪ ಅವನ ರಟ್ಟೆ ಹಿಡಿದ.

"ಕುಂದ್ರಸಬ್ಯಾಡ್ರೋ. ಮಲಗಲಿ ಬಿಡ್ರಿ."

ಪಡಸಾಲೆಯಲ್ಲಿದ್ದವರೆಲ್ಲ ಅವನತ್ತ ನೋಡಿದರು. ಗೋಡೆಗೆ ಬಟ್ಟೆ ಇಳಿಬಿಟ್ಟು, ಎರಡೂ ಬದಿಗೆ ದಿಂಬು ಒಡ್ಡಿ, ತಲೆ ವಾಲದಂತೆ ಕಟ್ಟಲು ಪಟ್ಟಿ ಹರಿದಿಟ್ಟಾಗಿತ್ತು. ಅವರಲ್ಲಿ ಹೆಣವನ್ನು ಕೂರಿಸುವುದು, ಕೂತಂತೆಯೇ ಮಣ್ಣು ಮಾಡುವುದು ಪದ್ಧತಿ.

"ಹಂಗಂದ್ರ ಹೆಂಗ ಮಾವಾ? ಪೂಜಿಗೆ ಐನಾರು ಬರೋ ಹೊತ್ತಾತು."

"ಇಪ್ಪತ್ತೊಂದ ದಿನ ಕುಂತಾಳಪಾ ಆಕಿ. ಹಗಲೂ ಕುಂತಾಳ, ರಾತ್ರೀನೂ ಕುಂತಾಳ. ಮಲಗಿದ್ರ ಉಸರ ಸಿಗತಿದ್ದಿಲ್ಲ. ಒಂದ ಸರ್ತಿ ಬೆನ್ನ ಹಾಸಗಿಗೆ ಹಚ್ಚಸ್ರಿ ಅಂತ ನರ್ಸಬಾಯಿ ಕೈ ಹಿಡಕೊಂಡ ಅತ್ತಾಳ. ಈಗರ ಮಲಗಲಿ."

ಚನ್ನವೀರಪ್ಪ ಕೈಯಲ್ಲಿದ್ದ ಭಾರವನ್ನು ಮೆಲ್ಲಗೆ ಚಾಪೆಗೆ ಇಳಿಸಿದ. "ಕುಣಿ ತಗಿಯೋ ಮಟ ಮಲಗಲಿ" ಎಂದು ಉಳಿದವರಿಗೆ ಹೇಳಿ, ಮುಖ ಒರೆಸಿಕೊಳ್ಳುತ್ತ ಹೊರಗೆ ಹೋದ. ಹಿರೇಕೆರೂರಿನಿಂದ ಬೆಳಗಿನ ಬಸ್ಸಿಗೆ ಬಂದವನು ಇನ್ನೂ ಕಾಲು ತೊಳೆದಿರಲಿಲ್ಲ.

ಕಟ್ಟೆಯ ಮೇಲೆ ಯಾರೋ ಅನ್ನುತ್ತಿದ್ದರು: "ಹೋತು ಅಂದಿದ್ರು. ಎಲ್ಲಿ ಹೋಕ್ಕೇತಿ ಆ ಕ್ಯಾನ್ಸರು? ತಿರಗಿ ಬಂತ ನೋಡು."

ಕರಬಸಪ್ಪ ಹೊಸ್ತಿಲಿಗೆ ಬಂದು ನಿಂತ. "ಕ್ಯಾನ್ಸರ್ ಅಲ್ಲರ್ಯೋ! ಅದು ಹೋಗಿತ್ತು. ಡಾಕ್ಟರು ಫಿಲ್ಮ್ ತೋರ್ಸಿ ಹೇಳ್ಯಾರ."

ಕಟ್ಟೆಯ ಮೇಲಿದ್ದವರು ಹೆಂಡತಿ ಸತ್ತವನ ಮಾತಿಗೆ ತಲೆ ಆಡಿಸುವಂತೆ ಆಡಿಸಿದರು. ತಾಯಿಯ ಕಾಲ ಬಳಿ ಕೂತಿದ್ದ ಮಗಳು ಸವಿತಾ ಮೊಣಕಾಲಿಗೆ ಮುಖ ಒತ್ತಿಕೊಂಡಳು.

*

ಕರಬಸಪ್ಪನ ಹೆಂಡತಿ ಮಾದೇವಿ ದುಂಡಸಿಯ ಶಾಲೆಯಲ್ಲಿ ಹದಿನಾಲ್ಕು ವರ್ಷ ಬಿಸಿಯೂಟ ಮಾಡಿದವಳು. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ವಾಸನೆಯಿಂದಲೇ ಹೇಳುತ್ತಿದ್ದಳು. ಎಡ ಎದೆಯ ಗಂಟು ಗೊತ್ತಾದ ಮೇಲೆ ಆಪರೇಷನ್ ಆಯಿತು. ಸಲೈನಿನಲ್ಲಿ ಕೊಟ್ಟ ಔಷಧಿಗೆ ಕೂದಲೆಲ್ಲ ಉದುರಿತು. ಕೊನೆಗೆ ಉಳಿದದ್ದು 'ಕರೆಂಟು'. ರೇಡಿಯೇಷನ್ನಿಗೆ ಎಲ್ಲರೂ ಹಾಗೇ ಅನ್ನುತ್ತಿದ್ದರು. ಇಪ್ಪತ್ತೈದು ದಿನ ಅವಳು ಹುಬ್ಬಳ್ಳಿಗೆ ಓಡಾಡಿದಳು. ಶಿಗ್ಗಾವಿಯಲ್ಲಿ ಬಸ್ಸು ಬದಲಿಸುವಾಗ, ಅದೇ ಕರೆಂಟಿಗೆ ಬಂಕಾಪುರದಿಂದ ಬರುತ್ತಿದ್ದ ಚಮನಬಿ ಪಕ್ಕದ ಸೀಟಿನ ಮೇಲೆ ಕೈಚೀಲ ಇಟ್ಟು ಜಾಗ ಹಿಡಿದಿರುತ್ತಿದ್ದಳು. ಏಪ್ರಿಲ್‌ನಲ್ಲಿ ಕರೆಂಟು ಮುಗಿದ ದಿನ ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಗಿರ್ಮಿಟ್ ತಿಂದು, ಮೆಣಸಿನಕಾಯಿಯ ಖಾರಕ್ಕೆ ಕಣ್ಣೀರು ಬರುವಷ್ಟು ನಕ್ಕರು.

ಜೂನಿನಲ್ಲಿ ಶಾಲೆ ತೆರೆಯಿತು. ಮಾದೇವಿ ತಲೆಗೆ ಸೆರಗು ಕಟ್ಟಿಕೊಂಡು ಮತ್ತೆ ಒಲೆಯ ಮುಂದೆ ನಿಂತಳು. ಎರಡು ವಾರಕ್ಕೆ ಕೆಮ್ಮು ಸುರುವಾಯಿತು. ಒಣಕೆಮ್ಮು, ಕಫವಿಲ್ಲ. ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ಒಗ್ಗರಣಿ ಘಾಟ್ರಿ."

ಒಂದು ಬೆಳಗ್ಗೆ ಸವಿತಾ ಹಿತ್ತಲಿಗೆ ಹೋದಾಗ ತಾಯಿ ಗೋಡೆಗೆ ಕೈಯೂರಿ, ಬಾಗಿ, ಉಸಿರಿಗೆ ತಡಕಾಡುತ್ತಿದ್ದಳು. ಅಲ್ಲಿ ಒಗ್ಗರಣೆ ಇರಲಿಲ್ಲ.

"ದವಾಖಾನಿಗೆ ಹೋಗೂಣ ನಡಿ ಅವ್ವಾ."

"ಹೋದ್ರ ಏನಂತಾರ ಗೊತ್ತೈತಿ ನನಗ. ಅದು ತಿರಗಿ ಬಂದೇತಿ ಸವೀ. ಮತ್ತ ಆ ಸೂಜಿ, ಆ ವಾಂತಿ... ನನ್ನ ಕೈಲೆ ಆಗೂದಿಲ್ಲ. ಇದ್ದಷ್ಟ ದಿನ ಮನಿಯಾಗ ಇರತೇನಿ." ಮಗಳ ಕೈಯನ್ನು ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಆಗಷ್ಟೇ ಚಿಗುರಿದ್ದ ಕೂದಲು ಅಂಗೈಗೆ ಚುಚ್ಚಿತು. "ನಿಮ್ಮಪ್ಪಗ ಹೇಳಿದ್ರ ನನ್ನ ಆಣಿ."

ಸವಿತಾ ಹೇಳಲಿಲ್ಲ. ಶಿಗ್ಗಾವಿಯಿಂದ ಕೆಮ್ಮಿನ ಔಷಧಿ ತಂದುಕೊಟ್ಟಳು. ಬಾಟಲಿ ಮುಗಿದಾಗ ಮತ್ತೊಂದು ತಂದಳು. ಮೋಟಾರು ರಿಪೇರಿಗೆಂದು ಹೊಲಹೊಲ ತಿರುಗುತ್ತಿದ್ದ ಕರಬಸಪ್ಪ ಮನೆಯಲ್ಲಿರುವಾಗ ಮಾದೇವಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮುತ್ತಿದ್ದಳು.

ಜುಲೈ ಕೊನೆಗೆ ಶಾಲೆಯಲ್ಲಿ ಅನ್ನದ ಪಾತ್ರೆಯ ಪಕ್ಕದಲ್ಲೇ ಕುಸಿದಳು. ಹುಬ್ಬಳ್ಳಿಯಲ್ಲಿ ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದರು.

"ಕ್ಯಾನ್ಸರ್ ಎಲ್ಲೂ ಇಲ್ಲ. ಕರೆಂಟು ಕೊಟ್ಟ ಜಾಗದ ಹಿಂದ ಪುಪ್ಪುಸಕ್ಕ ಬಾವು ಬಂದೇತಿ. ಕೆಲವೊಬ್ರಿಗೆ ಎರಡ ಮೂರ ತಿಂಗಳಿಗೆ, ನಾಕ ತಿಂಗಳಿಗೂ ಹಿಂಗ ಆಕ್ಕೇತಿ. ಸುರುವಿಗೇ ಬಂದಿದ್ರ ಗುಳಿಗಿಗೆ ಇಳೀತಿತ್ತು. ಈಗ ಭಾಳ ಹಬ್ಬೇತಿ. ಕೆಮ್ಮು ಎಂದಿನಿಂದ ಐತಿ?"

"ನಾಕ ದಿನ ಆತ್ರಿ" ಎಂದ ಕರಬಸಪ್ಪ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಸವಿತಾ ಗೋಡೆ ನೋಡುತ್ತ ನಿಂತಳು.

ಆಕ್ಸಿಜನ್ ಮುಖವಾಡದೊಳಗಿಂದ ಮಾದೇವಿ ಕೇಳಿದಳು: "ಅದಲ್ಲಂತನ?"

"ಅಲ್ಲಂತ ಅವ್ವಾ."

ಮಾದೇವಿ ಮಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬದುಕಲೇಬೇಕೆಂದು ಹಟ ಹಿಡಿದವಳಂತೆ ಕೊಟ್ಟ ಗುಳಿಗೆಗಳನ್ನೆಲ್ಲ ನುಂಗಿದಳು. ಗುಳಿಗೆ ಹತ್ತಲಿಲ್ಲ. ಮೇಲೆ ಸೋಂಕೂ ಸೇರಿತು.

*

ಹನ್ನೊಂದರ ಹೊತ್ತಿಗೆ ಚಮನಬಿ ಬಂದಳು. ಮಾದೇವಿಯ ಪಾದ ಹಿಡಿದು ಕೂತಳು.

"ದಿನಾ ನಿನಗ ಸೀಟ ಹಿಡಿತಿದ್ದೆನಲ್ಲ ಮಾದೇವಕ್ಕಾ. ನನ್ನ ಬಿಟ್ಟ ಒಬ್ಬಾಕೀನ ಹ್ವಾದಿ."

ಕೆಮ್ಮು ಬಂತು. ಗಿಡ್ಡನೆಯ ಒಣಕೆಮ್ಮು, ಮೂರು ಸಲ. ಚಮನಬಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಸವಿತಾ ಎದ್ದು ಅವಳ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದಳು. "ಎಂದಿನಿಂದ ಐತಿ ಚಾಚಿ?"

"ಎಂಟ ದಿನಾತು. ಧೂಳ..." ಅಷ್ಟಕ್ಕೇ ನಿಲ್ಲಿಸಿ ಅವಳು ಸವಿತಾಳ ಎರಡೂ ಕೈ ಹಿಡಿದುಕೊಂಡಳು. "ನನಗೂ ತಿರಗಿ ಬಂದೇತಿ ಬೇಟಿ, ನಿಮ್ಮವ್ವಗ ಬಂದಂಗ. ನನ್ನ ಮಗ ನಿಯಾಜಗ ಹೇಳಬ್ಯಾಡ. ಮುಂದಿನ ತಿಂಗಳ ಅವನ ಶಾದಿ ಐತಿ. ನನ್ನ ಕಸಮ್."

"ಅವ್ವಗ ಬಂದದ್ದು ಕ್ಯಾನ್ಸರಲ್ಲ ಚಾಚಿ."

"ಸಮಾಧಾನಕ್ಕ ಹಂಗ ಅಂತಿ. ಹೊರಗ ಎಲ್ಲಾರೂ ಹೇಳಾಕತ್ತಾರ, ಕೇಳೇನಿ."

ಸವಿತಾ ಅವಳನ್ನು ಎಳೆದುಕೊಂಡೇ ಪಡಸಾಲೆಗೆ ಬಂದಳು. ಭಜನೆಯವರು ತಾಳ ಹಿಡಿದು ಕೂತಿದ್ದರು.

"ಅಪ್ಪಾ, ಚಾಚಿನೂ ಕೆಮ್ಮಾಕತ್ತಾಳ. ಡಾಕ್ಟರು ಏನಂದ್ರು, ಹೇಳು."

ಕರಬಸಪ್ಪ ತಲೆಯೆತ್ತಿದ. "ಬಾವು ಅಂದ್ರು. ಸುರುವಿಗೇ ಬಂದಿದ್ರ ಗುಳಿಗಿಗೆ ಇಳೀತಿತ್ತಂತ. ಆದ್ರ ನಮ್ಮಾಕಿ ನಾಕ ದಿನಕ್ಕ..."

"ನಾಕ ದಿನದ್ದಲ್ಲಪ್ಪಾ." ಸವಿತಾಳ ದನಿ ಚೀರಿದಂತಿತ್ತು. "ಒಂದೂವರಿ ತಿಂಗಳದ್ದು. ಕ್ಯಾನ್ಸರ್ ಅಂತ ತಿಳಕೊಂಡಿದ್ಲು. ಆಣಿ ಹಾಕಿದ್ಲು. ನಾ ಬಾಯಿ ಮುಚ್ಚಕೊಂಡ ಕುಂತೆ. ನಾ ಹೇಳಿದ್ದರ ಅವ್ವ ಇರತಿದ್ಲು."

ತಾಳ ನಿಂತಿತು. ಕರಬಸಪ್ಪ ಮಗಳನ್ನು ನೋಡಲಿಲ್ಲ, ಹೆಂಡತಿಯ ಮುಖ ನೋಡಿದ. "ಒಂದೂವರಿ ತಿಂಗಳ" ಎಂದ. ಮತ್ತೆ, "ಬಾಜೂಕ ಮಲಗತಿದ್ದೆ ನಾನು" ಎಂದ.

ಚಮನಬಿ ಗೋಡೆ ಹಿಡಿದು ಅಲ್ಲೇ ಕೂತಳು. ಈಗ ಅವಳಿಗೆ ನಂಬಿಕೆ ಬಂದಿತ್ತು.

"ಕುಣಿ ತಯಾರಾತು" ಎಂದು ಬಾಗಿಲಲ್ಲಿ ಯಾರೋ ಹೇಳಿದರು.

ಮಾದೇವಿಯನ್ನು ಎತ್ತಿ ಕೂರಿಸಿದರು. ಕರಬಸಪ್ಪ ಈ ಸಲ ತಡೆಯಲಿಲ್ಲ. ಪಟ್ಟಿ ಕಟ್ಟುವವರೆಗೂ ಅವಳ ತಲೆಯನ್ನು ತಾನೇ ಹಿಡಿದುಕೊಂಡ.

*

ಮಣ್ಣು ಮುಗಿಯುವಾಗ ಮೂರು ದಾಟಿತ್ತು. ಸವಿತಾ ಹಿಡಿ ಮಣ್ಣು ಹಾಕುವಾಗ ಕರಬಸಪ್ಪ ಆಚೆ ತಿರುಗಿ ನಿಂತಿದ್ದ. ಜನ ಕೈಕಾಲು ತೊಳೆಯಲು ಹೊರಟರು. ಅವನು ಮಾತ್ರ ಕೈ ತೊಳೆಯದೆ ನೇರ ರಸ್ತೆಗೆ ಬಂದ; ಸವಿತಾ, ಚನ್ನವೀರಪ್ಪ ಹಿಂಬಾಲಿಸಿದರು. ಬೇಲಿಯ ನೆರಳಲ್ಲಿ ಚಮನಬಿ ಕೂತಿದ್ದಳು.

"ನಿಮ್ಮ ಮಗಗ ಫೋನ್ ಮಾಡೇನಿ. ಶಿಗ್ಗಾವಿ ಸ್ಟ್ಯಾಂಡಿಗೆ ಬರ್ತಾನ. ಇವತ್ತ ಹುಬ್ಬಳ್ಳಿಗೆ ಹೋಗ್ರಿ" ಎಂದ. ನಂತರ, ಮಗಳ ಕಡೆ ನೋಡದೆ, "ನೀನೂ ಹೋಗು. ಒಂದೂವರಿ ತಿಂಗಳ ಏನೇನ ಆತಂತ ಡಾಕ್ಟರಿಗೆ ನೀನ ಹೇಳು."

"ಮಣ್ಣಾದ ದಿನಾನ ಮನಿ ಮಗಳು ಊರ ಬಿಡೂದ ಮಾವಾ?" ಎಂದ ಚನ್ನವೀರಪ್ಪ.

ನಾಲ್ಕರ ಬಸ್ಸು ತಿರುವಿನಲ್ಲಿ ಕಾಣಿಸಿತು. ಕರಬಸಪ್ಪ ರಸ್ತೆಯ ನಡುವೆ ಹೋಗಿ ಎರಡೂ ಕೈ ಎತ್ತಿ ನಿಂತ. ಡ್ರೈವರ್ ಬೈಯುತ್ತ ಬ್ರೇಕು ಹಾಕಿದ. ಇಬ್ಬರೂ ಹತ್ತಿದರು. ಸವಿತಾ ಚಮನಬಿಯನ್ನು ಕಿಟಕಿಯ ಬಳಿ ಕೂರಿಸಿ, ಗಾಜು ಪೂರ್ತಿ ಸರಿಸಿ ಕೆಳಗೆ ನೋಡಿದಳು.

"ಅಪ್ಪಾ" ಎಂದಳು.

ಅವನು ಅಂಗೈಯಿಂದ ಬಸ್ಸಿನ ಮೈಗೆ ಎರಡು ಸಲ ಜೋರಾಗಿ ಬಡಿದ. ಬಸ್ಸು ಹೊರಟಿತು. ಅದರ ಕೆಂಪು ತಗಡಿನ ಮೇಲೆ, ಕಿಟಕಿಯ ಕೆಳಗೆ, ಐದೂ ಬೆರಳು ಬಿಡಿಬಿಡಿಯಾಗಿ ಕಾಣುವ ಹಸಿ ಕರಿಮಣ್ಣಿನ ಗುರುತು ಶಿಗ್ಗಾವಿಯ ಕಡೆ ಹೋಯಿತು.