ಆಕಾಶ ನೋಡಬೇಕಾದ ಡಬ್ಬಿ

ನಮ್ಮ ಅತ್ತೆಯ ಕಣ್ಣಿಗೆ ಹೊಸ ವಸ್ತು ಬಿದ್ದರೆ ಸಾಕು, ಅದಕ್ಕೊಂದು ಹೊದಿಕೆ ಬೀಳುತ್ತದೆ. ಸೋಫಾ ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕಿನಲ್ಲೇ ಇದೆ. ಕೂತರೆ ಚರಚರ ಎನ್ನುತ್ತದೆ, ಎದ್ದರೆ ಜೊತೆಗೇ ಎದ್ದು ಬರುತ್ತದೆ. ಬೀರುವಿನಲ್ಲಿ ನೀಲಿ ಹತ್ತಿಬಟ್ಟೆಯೊಂದಿದೆ. ನನ್ನ ಗಂಡ ದರ್ಜಿ, "ಹೊಲಿದು ಕೊಡ್ತೀನಿ ಕೊಡಮ್ಮ" ಎಂದು ವರ್ಷಗಟ್ಟಲೆ ಕೇಳಿ ಸೋತಿದ್ದಾನೆ. ಅದು ಕವರಿನಿಂದ ಹೊರಬಂದಿಲ್ಲ.

ನಾನು ಟ್ಯಾಕ್ಸಿ ಓಡಿಸಲು ಶುರು ಮಾಡಿದ ಮೇಲೆ ಸರದಿ ನನ್ನ ಮುಖದ್ದಾಯಿತು. "ಬಿಸಿಲಿಗೆ ಬಾಡಿ ಹೋಗ್ತೀಯ ಕಣೇ" ಎಂದು ಅತ್ತೆ ಮುಂದೆ ನಿಂತು ಕಾರಿನ ಗಾಜುಗಳಿಗೆಲ್ಲ ಬೆಳ್ಳಿಯಂತೆ ಹೊಳೆಯುವ ಫಿಲ್ಮು ಹಾಕಿಸಿದರು.

ಅಂದಿನಿಂದ ನನ್ನ ಮೊಬೈಲಿನ ಮ್ಯಾಪಿಗೆ ಮತಿಭ್ರಮಣೆ. ನಾನು ಮುಖ್ಯರಸ್ತೆಯಲ್ಲಿದ್ದರೆ ಅದು ನನ್ನನ್ನು ಕೆರೆಯ ನಡುವೆ ನಿಲ್ಲಿಸಿರುತ್ತಿತ್ತು. ಕಾದು ಬೇಸತ್ತ ಒಬ್ಬ ಪ್ರಯಾಣಿಕರು ಕಂಪನಿಗೆ, "ಡ್ರೈವರ್ ನೀರಿನಲ್ಲಿದ್ದಾರೆ, ಬೇರೆಯವರನ್ನು ಕಳುಹಿಸಿ" ಎಂದು ಬರೆದರು. ಇನ್ನೊಬ್ಬರನ್ನು ಆಸ್ಪತ್ರೆಯ ಬದಲು ಸಿಮೆಂಟು ಗೋದಾಮಿಗೆ ಕರೆದೊಯ್ದೆ. ಇನ್ನೊಂದು ದೂರು ಬಂದರೆ ಕೆಲಸದಿಂದ ತೆಗೆಯುತ್ತೇವೆ ಎಂದು ಕಂಪನಿ ಎಚ್ಚರಿಸಿತು. ಈ ಕೆಲಸ ನನಗೆ ಪ್ರಾಣ. ಸ್ಟೀರಿಂಗ್ ಹಿಡಿದರೆ ಮಾತ್ರ ಯಾರೂ ನನಗೆ ಏನನ್ನೂ ಹೊದಿಸುವುದಿಲ್ಲ.

ಮೆಕ್ಯಾನಿಕ್ ಗಾಜನ್ನು ತಟ್ಟಿ ನೋಡಿದ. "ಫಿಲ್ಮಲ್ಲಿ ಲೋಹ ಇದೆ ಮೇಡಂ. ಉಪಗ್ರಹದಿಂದ ಬರೋ ಸಿಗ್ನಲ್ ಮೊದಲೇ ನಿಶ್ಶಕ್ತ, ಇದನ್ನ ದಾಟಿ ಒಳಗೆ ಬರಲ್ಲ. ಕಿತ್ತುಹಾಕಿ, ಇಲ್ಲಾ ಮೇಲೊಂದು ಆಂಟೆನಾ ಇಡಿ."

ಕೀಳುವುದೆಂದರೆ ಅತ್ತೆಯ ಪ್ರೀತಿಯನ್ನೇ ಕಿತ್ತಂತೆ. ಅದು ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆಂಟೆನಾ ಕೊಂಡೆ. ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ, ಕೆಳಗೆ ಆಯಸ್ಕಾಂತ. ಕಾರಿನ ನೆತ್ತಿಯ ಮೇಲೆ ಅದನ್ನು ಕೂರಿಸಿ, ತಂತಿಯನ್ನು ಬಾಗಿಲ ಸಂದಿಯಿಂದ ಮೊಬೈಲಿಗೆ ಎಳೆದೆ. ಮ್ಯಾಪು ಕೆರೆಯಿಂದ ಎದ್ದು ನಮ್ಮ ಮನೆಯ ಗೇಟಿಗೇ ಬಂದು ನಿಂತಿತು. "ಏನೇ ಅದು?" ಎಂದರು ಅತ್ತೆ. "ಹೊಸ ಸಾಮಾನು ಅತ್ತೆ" ಎಂದು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಹತ್ತಿದವರು ಇಸ್ತ್ರಿ ಹಾಕಿದಂಥ ಮುಖದ ಒಬ್ಬ ಹಿರಿಯ ಹೆಂಗಸು. ಕುಟುಂಬ ಸಲಹಾ ಕೇಂದ್ರಕ್ಕೆ ಹೋಗಬೇಕಂತೆ, ಸೊಸೆಯ ಮೇಲೆ ಹೇಳಿಕೊಳ್ಳುವುದು ಬಹಳ ಇದೆಯಂತೆ. ಕೇಂದ್ರದವರೆಗೆ ಕಾಯದೆ ನನ್ನ ಹತ್ತಿರವೇ ಶುರು ಮಾಡಿದರು.

"ಬೆಳಿಗ್ಗೆ ಸ್ಕೂಟರ್ ಹತ್ತಿದ್ರೆ ಸಂಜೆವರೆಗೆ ಬಿಸಿಲಲ್ಲಿ ಊರೂರು ಸುತ್ತೋದು. ಕೈಯೆಲ್ಲ ಸುಟ್ಟ ಬದನೆಕಾಯಿ. ಹೇಳಿದ್ರೆ ಕೇಳ್ತಾಳಾ?"

ಅಷ್ಟರಲ್ಲಿ ಮ್ಯಾಪು ನನ್ನನ್ನು ಮತ್ತೆ ಕೆರೆಗೆ ತಳ್ಳಿತು. ಎಡಕ್ಕೆ ಎಂದಿತು, ಗೋಡೆ ಸಿಕ್ಕಿತು. ಬಲಕ್ಕೆ ಎಂದಿತು, ಅದೇ ಗೋಡೆಯ ಇನ್ನೊಂದು ಮಗ್ಗುಲು ಸಿಕ್ಕಿತು. ಹಿಂದಿನ ಸೀಟಿನ ಹೆಂಗಸು ಗಡಿಯಾರ ನೋಡಿಕೊಂಡರು.

"ನನಗೆ ಕೊಟ್ಟ ಹೊತ್ತು ಮೀರಿ ಹೋಯ್ತು. ಇದನ್ನ ನಿಮ್ಮ ಕಂಪನಿಗೆ ಬರೀತೀನಿ."

ಕಾರು ನಿಲ್ಲಿಸಿ ಇಳಿದು ಮೇಲೆ ನೋಡಿದೆ. ಡಬ್ಬಿ ಕಾಣಲಿಲ್ಲ. ಅದರ ಜಾಗದಲ್ಲಿ ಅಡುಗೆಮನೆಯಲ್ಲಿ ಚಪಾತಿ ಸುತ್ತುವ ಬೆಳ್ಳಿಹಾಳೆಯ ಗಂಟೊಂದಿತ್ತು. ಮೂರು ಸುತ್ತು ಹಾಳೆ, ಮೇಲೆ ದಾರ, ದಾರಕ್ಕೆ ನಮ್ಮ ಅತ್ತೆಯದೇ ಜೋಡಿಗಂಟು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಉಪಗ್ರಹ ದಾರಿ ತೋರಿಸಿದರೂ ಅತ್ತೆ ಬಿಡಲಿಲ್ಲ.

ನನಗೆ ಮೂಗಿನ ತುದಿಯಲ್ಲೇ ಕೋಪ. ಹಲ್ಲಿನಿಂದ ದಾರ ಕಚ್ಚಿ ಹರಿಯುತ್ತಾ ಅತ್ತೆಯ ಮೇಲಿದ್ದ ಸಿಟ್ಟನ್ನೆಲ್ಲ ನಡುಬೀದಿಯಲ್ಲಿ ಕಾರಿಕೊಂಡೆ. ಸೋಫಾದಿಂದ ಹಿಡಿದು ಫಿಲ್ಮಿನವರೆಗೆ ಒಂದನ್ನೂ ಬಿಡಲಿಲ್ಲ. ಇಂದು ಮನೆಗೆ ಹೋಗಿ ಎರಡರಲ್ಲಿ ಒಂದು ತೀರ್ಮಾನ ಎಂದೆ.

ಹೆಂಗಸು ಗಾಜು ಇಳಿಸಿ ಕೇಳಿಸಿಕೊಂಡರು. "ಆ ಡಬ್ಬಿ ಏನು ಮಾಡುತ್ತೆ ಅಂತ ಅವರಿಗೆ ಹೇಳಿದ್ದೆಯಾ?"

"ಇಲ್ಲ."

"ಮತ್ತೆ ಅವರಿಗೇನು ಕನಸು ಬೀಳುತ್ತಾ?" ಸ್ವಲ್ಪ ಯೋಚಿಸಿದರು. "ನಾಳೆ ಬೆಳಿಗ್ಗೆ ನನ್ನನ್ನ ಕೇಂದ್ರಕ್ಕೆ ಕರ್ಕೊಂಡು ಹೋಗೋಕೆ ಮತ್ತೆ ಬಾ. ಮನೇಲಿ ಜಗಳ ಆಡದೆ ಬಂದಿದ್ರೆ ನಾನು ದೂರು ಬರೆಯಲ್ಲ. ಆಡಿದ್ರೆ ನಿನ್ನ ಮುಖವೇ ಹೇಳುತ್ತೆ."

ಕೆಲಸಕ್ಕಾಗಿ ಎಂಥೆಂಥ ಕಷ್ಟ ಪಟ್ಟಿದ್ದೇನೆ, ಆದರೆ ಅಂದು ಸಂಜೆ ಬಾಯಿಗೆ ಬೀಗ ಹಾಕಿಕೊಂಡು ಮನೆಯೊಳಗೆ ಕಾಲಿಟ್ಟಷ್ಟು ಕಷ್ಟ ಯಾವುದೂ ಇರಲಿಲ್ಲ. ಚರಚರ ಎನ್ನುವ ಸೋಫಾದ ಮೇಲೆ ಕೂತು ಹೇಳಿದೆ:

"ಅತ್ತೆ, ಆ ಡಬ್ಬಿ ಆಕಾಶ ನೋಡ್ತಾ ಇರಬೇಕು. ಮೇಲೆ ಹಾಳೆ ಸುತ್ತಿದ್ರೆ ಅದಕ್ಕೆ ದಾರಿ ಸಿಗಲ್ಲ. ಗಾಜಿನ ಫಿಲ್ಮಿಂದಾನೂ ಹಾಗೇ ಆಗಿ ಮ್ಯಾಪು ನನ್ನನ್ನ ಕೆರೆಗೆ ತಳ್ತಿತ್ತು."

ಅತ್ತೆ ನನ್ನನ್ನೇ ನೋಡಿದರು. "ಹಾಗಾದ್ರೆ ನೀನು ಕೆರೆಗೆ ಬಿದ್ದಿದ್ದು ನನ್ನಿಂದಾನಾ?"

ಗಂಡ ಹೊಲಿಗೆ ಯಂತ್ರದ ಹಿಂದೆ ತಲೆ ಬಗ್ಗಿಸಿ ಕೂತಿದ್ದ. ಅತ್ತೆ ಎದ್ದು ಬೀರುವಿನ ಕಡೆ ಹೋದರು.

ಬೆಳಿಗ್ಗೆ ನೋಡಿದರೆ ಮುಂದಿನ ಗಾಜು ಬೋಳು. ಅತ್ತೆ ಸಟ್ಟುಗದಿಂದ ಫಿಲ್ಮನ್ನು ಕೆರೆದು ತೆಗೆದಿದ್ದರು, ಎರಡು ಬೆರಳಿಗೆ ಪಟ್ಟಿ ಕಟ್ಟಿಕೊಂಡಿದ್ದರು. ಡ್ರೈವರ್ ಸೀಟಿನ ಮೇಲೆ ಭುಜದಿಂದ ಬೆರಳಿನವರೆಗೆ ಬರುವ ಒಂದು ಜೊತೆ ತೋಳುಗವಸು ಇತ್ತು. ಬೀರುವಿನ ನೀಲಿ ಬಟ್ಟೆ, ಗಂಡನ ಹೊಲಿಗೆ.

"ಅತ್ತೆ, ಇದನ್ನ ಕತ್ತರಿಸಿಬಿಟ್ರಾ?"

"ಗಾಜು ಮುಚ್ಚಬಾರದು ಅಂದೆ. ಕೈ ಮುಚ್ಚಬಾರದು ಅನ್ನಲಿಲ್ಲವಲ್ಲ. ಹೊರಡು, ಹೊತ್ತಾಯ್ತು."

ನನಗೆ ಅಳು ಬಂತು. ಅಳುತ್ತಲೇ ಓಡಿಸಿದೆ. ಮ್ಯಾಪು ಒಂದು ಮೊಳವೂ ತಪ್ಪಲಿಲ್ಲ.

ಆ ಹೆಂಗಸು ಕಾರು ಹತ್ತಿದವರೇ ಕೆಂಪಾದ ನನ್ನ ಕಣ್ಣು ನೋಡಿದರು. "ಜಗಳ ಆಡಿದ್ದೀಯ."

"ಇಲ್ಲಮ್ಮ" ಎಂದು ತೋಳುಗವಸು ತೋರಿಸಿ ನಡೆದದ್ದು ಹೇಳಿದೆ. ಅವರು ಸೀಟಿನ ನಡುವಿನಿಂದ ಕೈ ಚಾಚಿ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಬಹಳ ಹೊತ್ತು ಬಿಡಲಿಲ್ಲ.

"ಸಲಹಾ ಕೇಂದ್ರಕ್ಕೇ ಅಲ್ಲವಾ?" ಎಂದೆ.

"ಬೇಡ. ಬಟ್ಟೆ ಅಂಗಡಿಗೆ ನಡಿ. ಆಮೇಲೆ ನಿನ್ನ ಗಂಡನ ಹತ್ತಿರ." ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. "ನನ್ನ ಸೊಸೆಯ ಕೈಯ ಅಳತೆ ಎಷ್ಟೋ, ನನಗೆ ಗೊತ್ತೇ ಇಲ್ಲ."